ಜೇನಿನ ಬೆನ್ನು ಹಿಡಿದ ಎಂಜಿನಿಯರ್

ಮಂಡ್ಯಂ ವೀರಂಬುಡಿ ಶ್ರೀನಿವಾಸನ್ ಓದಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್. ಮೊದಲ ಪದವಿ ಬೆಂಗಳೂರು ವಿಶ್ವವಿದ್ಯಾಲಯದ್ದು. ಎಲೆಕ್ಟ್ರಾನಿಕ್ಸ್‌ನಲ್ಲಿ ಸ್ನಾತಕೋತ್ತರ ಪದವಿ ಭಾರತೀಯ ವಿಜ್ಞಾನ ಸಂಸ್ಥೆಯದ್ದು. ಬೆಂಗಳೂರಿನ ಹಳಬರು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಜಾಗ. 1970ರ ಆಸುಪಾಸಿನಲ್ಲಿ ಅಲ್ಲಿ ಓದಿ ಹೊರಬಿದ್ದ ಹುಡುಗರಿಗೆ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ ಎಂದು ಊರಲ್ಲೇ ಬಾಗಿಲುಗಳು ತೆರೆದಿದ್ದವು. ಶ್ರೀನಿವಾಸನ್ ಆ ಬಾಗಿಲು ತಟ್ಟಲಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಹೋಗಿ 1976ರಲ್ಲಿ ಎಂಜಿನಿಯರಿಂಗ್‌ನಲ್ಲೇ ಪಿಎಚ್.ಡಿ. ಪಡೆದರು. ಆಮೇಲಿನ ವೃತ್ತಿಜೀವನದ ಬಹುಪಾಲು ಕಳೆದದ್ದು ಆಸ್ಟ್ರೇಲಿಯಾದಲ್ಲಿ, ಜೇನುಹುಳ ಹಾರುವುದನ್ನು ನೋಡುತ್ತ.

ಎಂಜಿನಿಯರಿಂಗ್ ಬಿಟ್ಟು ಜೀವಶಾಸ್ತ್ರಕ್ಕೆ ಹೋದರು ಎಂದು ಈ ಕತೆಯನ್ನು ಹೇಳುವವರಿದ್ದಾರೆ. ಹಾಗೆ ಹೇಳಿದರೆ ಅವರ ಕೆಲಸದ ತಿರುಳೇ ಕೈತಪ್ಪುತ್ತದೆ. ಅವರು ಕೇಳಿದ ಪ್ರಶ್ನೆಗಳೆಲ್ಲ ಎಂಜಿನಿಯರನ ಪ್ರಶ್ನೆಗಳೇ. ಈ ಯಂತ್ರ ಏನನ್ನು ಅಳೆಯುತ್ತದೆ? ಅಳೆದದ್ದನ್ನು ಯಾವುದಕ್ಕೆ ಹೋಲಿಸುತ್ತದೆ? ವ್ಯತ್ಯಾಸ ಕಂಡರೆ ಹೇಗೆ ತಿದ್ದಿಕೊಳ್ಳುತ್ತದೆ?

ಈ ಪ್ರಶ್ನೆಗಳಿಗೆ ನಮ್ಮ ನಾಡಿನಲ್ಲಿ ಹಳೆಯ ವಂಶವಿದೆ. ಸರ್ ಎಂ. ವಿಶ್ವೇಶ್ವರಯ್ಯನವರು ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ 1903ರಲ್ಲಿ ಸ್ವಯಂಚಾಲಿತ ಗೇಟುಗಳನ್ನು ಕೂರಿಸಿದ್ದರು. ನೀರು ಗೊತ್ತುಮಾಡಿದ ಮಟ್ಟ ಮೀರಿದರೆ ಗೇಟು ತಾನೇ ಮೇಲೇಳಬೇಕು, ಇಳಿದರೆ ತಾನೇ ಮುಚ್ಚಿಕೊಳ್ಳಬೇಕು; ನಡುರಾತ್ರಿ ಪ್ರವಾಹ ಬಂದರೂ ಕಾವಲುಗಾರ ಓಡಿ ಬರಬೇಕಿಲ್ಲ. ಮುಂದೆ ಕೃಷ್ಣರಾಜಸಾಗರದಲ್ಲೂ ಅದೇ ಬಗೆಯ ಗೇಟು ಬಂತು. ನಿಯಂತ್ರಣ ಶಾಸ್ತ್ರ ಎಂದು ದಪ್ಪ ಪುಸ್ತಕಗಳಲ್ಲಿ ಹೇಳುವುದರ ಮೂಲ ಸೂತ್ರ ಇಷ್ಟೇ: ಆಗಬೇಕಾದದ್ದಕ್ಕೂ ಆಗುತ್ತಿರುವುದಕ್ಕೂ ಇರುವ ಅಂತರವನ್ನು ವ್ಯವಸ್ಥೆಯೇ ಗುರುತಿಸಿ, ಆ ಅಂತರವನ್ನೇ ಬಳಸಿ ತನ್ನನ್ನು ತಿದ್ದಿಕೊಳ್ಳುವುದು. 20ನೇ ಶತಮಾನದ ನಡುವಿನ ಹೊತ್ತಿಗೆ ಇದು ರಾಡಾರ್, ಫಿರಂಗಿ, ವಿಮಾನ, ರಾಸಾಯನಿಕ ಕಾರ್ಖಾನೆ ಎಲ್ಲದರೊಳಗೂ ಹೊಕ್ಕಿತ್ತು. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಇದು ದೂರದ ವಿಷಯವಲ್ಲ. ಶ್ರೀನಿವಾಸನ್ ಜೇನಿನ ಮುಂದೆ ಬಂದು ನಿಂತಾಗ ಅವರ ಕೈಯಲ್ಲಿದ್ದದ್ದು ಈ ವಿದ್ಯೆ.

ಯೇಲ್‌ನಲ್ಲಿ ಶುರುವಾದದ್ದು ಕೀಟದ ಕಣ್ಣಿನಿಂದ. ಗ್ಯಾರಿ ಬರ್ನಾರ್ಡ್ ಜೊತೆ ಅವರು 1975ರಲ್ಲಿ ಬರೆದ ಪ್ರಬಂಧ, ಹಾರುವಾಗ ಕೀಟದ ಸಂಯುಕ್ತ ಕಣ್ಣಿಗೆ ಲೋಕ ಎಷ್ಟು ಮಸುಕಾಗಿ ಕಾಣುತ್ತದೆ ಎಂಬ ಲೆಕ್ಕ. ಅದರಲ್ಲಿ ಪ್ರಯೋಗವಿಲ್ಲ, ಶುದ್ಧ ಗಣಿತ. ಅಲ್ಲಿಂದ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಗೆ ಬಂದರು. ಏಡ್ರಿಯನ್ ಹಾರಿಡ್ಜ್ ಕೀಟಗಳ ದೃಷ್ಟಿಯ ಬಗ್ಗೆ ದೊಡ್ಡ ಬಳಗವನ್ನೇ ಕಟ್ಟಿದ್ದ ಜಾಗ ಅದು.

1982ರಲ್ಲಿ ಸೈಮನ್ ಲಾಫ್ಲಿನ್, ಆಂಡ್ರಿಯಾಸ್ ಡಬ್ಸ್ ಜೊತೆ ಬಂದ ಪ್ರಬಂಧ ಇಂದಿಗೂ ಮಿದುಳಿನ ವಿಜ್ಞಾನಿಗಳು ತೆಗೆದು ಓದುವಂಥದ್ದು. ಕಣ್ಣಿನ ಹಿಂಪರದೆಯಲ್ಲಿ ಒಂದು ಕೋಶ ಪಕ್ಕದ ಕೋಶಗಳನ್ನು ತಡೆಯುತ್ತದೆ ಎಂಬುದು ಮೊದಲೇ ಗೊತ್ತಿದ್ದ ಸಂಗತಿ. ಯಾಕೆ ತಡೆಯುತ್ತದೆ? ಆಕಾಶ ನೋಡುವ ಕಣ್ಣಿನಲ್ಲಿ ಒಂದು ಬಿಂದು ನೀಲಿಯಾಗಿದ್ದರೆ ಪಕ್ಕದ್ದೂ ನೀಲಿಯೇ ಇರುವ ಸಂಭವ ಹೆಚ್ಚು. ಹಾಗಿರುವಾಗ ಎಲ್ಲ ಬಿಂದುಗಳ ಸುದ್ದಿಯನ್ನೂ ಮಿದುಳಿಗೆ ಕಳಿಸುವುದು ದುಂದು. ಅಕ್ಕಪಕ್ಕದವನ್ನು ನೋಡಿ ಇದು ಹೀಗಿರಬೇಕು ಎಂದು ಊಹಿಸಿ, ಊಹೆ ತಪ್ಪಿದಷ್ಟನ್ನು ಮಾತ್ರ ಕಳಿಸಿದರೆ ಸಾಕು ಎಂದು ಅವರು ತೋರಿಸಿದರು. ದೂರಸಂಪರ್ಕದ ಎಂಜಿನಿಯರುಗಳು ಚಿತ್ರಗಳನ್ನು ಸಣ್ಣ ಕೊಳವೆಯಲ್ಲಿ ತುರುಕಲು ಬಳಸುತ್ತಿದ್ದ ಉಪಾಯ ನೊಣದ ಕಣ್ಣಿನಲ್ಲೂ ಇತ್ತು. ಮಿದುಳು ಎಂದರೆ ಊಹಿಸಿ ತಿದ್ದಿಕೊಳ್ಳುವ ಯಂತ್ರ ಎಂಬ ಈಗಿನ ದೊಡ್ಡ ಚಿಂತನೆಗೆ ಇದೂ ಒಂದು ತಾಯಿಬೇರು.

ನಡುವೆ ಕೆಲ ವರ್ಷ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್. ಜೇನುಹುಳ ಅವರ ಬದುಕಿನೊಳಗೆ ಗಟ್ಟಿಯಾಗಿ ಬಂದದ್ದು ಈ ಹೊತ್ತಿನಲ್ಲಿ. 1980ರ ದಶಕದ ನಡುವೆ ಮತ್ತೆ ಕ್ಯಾನ್‌ಬೆರಾಕ್ಕೆ ಮರಳಿದರು.

ಜೇನುಹುಳದ ಮಿದುಳಿನಲ್ಲಿ ಇರುವ ನರಕೋಶಗಳು ಹತ್ತು ಲಕ್ಷಕ್ಕೂ ಕಡಿಮೆ. ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ. ಜೇನಿನ ಕಣ್ಣುಗಳು ತಲೆಗೆ ಅಂಟಿಕೊಂಡಿವೆ, ನಮ್ಮಂತೆ ಹೊರಳುವುದಿಲ್ಲ. ಹತ್ತಿರ ದೂರಕ್ಕೆ ತಕ್ಕಂತೆ ಫೋಕಸ್ ಬದಲಿಸುವುದಿಲ್ಲ. ಎರಡು ಕಣ್ಣುಗಳ ನಡುವೆ ಕೆಲವೇ ಮಿಲಿಮೀಟರ್ ಅಂತರ ಇರುವುದರಿಂದ, ಎರಡು ನೋಟಗಳನ್ನು ಹೋಲಿಸಿ ದೂರ ಅಂದಾಜು ಮಾಡುವ ನಮ್ಮ ದಾರಿ ಅದಕ್ಕೆ ಬಹುತೇಕ ಮುಚ್ಚಿದೆ. ಆದರೂ ಗಿಡದ ಸಂದಿಯಲ್ಲಿ ನುಗ್ಗುತ್ತದೆ, ಎಲೆಗೆ ಡಿಕ್ಕಿ ಹೊಡೆಯುವುದಿಲ್ಲ, ಅಲ್ಲಾಡುವ ಹೂವಿನ ಮೇಲೆ ಮೆತ್ತಗೆ ಇಳಿಯುತ್ತದೆ. ಹೇಗೆ?

ಹಾವೇರಿ ಜಿಲ್ಲೆಯ ರಟ್ಟೀಹಳ್ಳಿಯಿಂದ ಮಾಸೂರಿನ ಕಡೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋದವರು ಉತ್ತರದ ಅರ್ಧವನ್ನು ನೋಡಿಯೇ ಇರುತ್ತಾರೆ. ರಸ್ತೆ ಬದಿಯ ಜಾಲಿಗಿಡ ಕಣ್ಣಿಗೆ ಬಿದ್ದಷ್ಟೇ ಬೇಗ ಹಿಂದೆ ಸರಿದಿರುತ್ತದೆ. ಅದರಾಚೆಯ ಗೋವಿನಜೋಳದ ಹೊಲ ನಿಧಾನಕ್ಕೆ ಸರಿಯುತ್ತದೆ. ದೂರದ ಗುಡ್ಡ ಬಸ್ಸಿನ ಜೊತೆಗೇ ಬಂದಂತೆ ಅನಿಸುತ್ತದೆ. ಹತ್ತಿರ ಇದ್ದದ್ದು ಜೋರಾಗಿ ಓಡುತ್ತದೆ, ದೂರ ಇದ್ದದ್ದು ಮೆಲ್ಲಗೆ. ಚಲಿಸುವ ಪ್ರಾಣಿಗೆ ದೂರದ ಸುದ್ದಿ ಈ ಓಟದಲ್ಲೇ ಸಿಗುತ್ತದೆ. ಒಂದೇ ಕಣ್ಣಿದ್ದರೂ ಸಿಗುತ್ತದೆ.

ಜೇನು ಇದನ್ನು ನಿಜವಾಗಿಯೂ ಬಳಸುತ್ತದೆಯೇ ಎಂದು ಕಂಡುಕೊಳ್ಳಲು ಶ್ರೀನಿವಾಸನ್ ಬಳಗ ಮಾಡಿದ ಪ್ರಯೋಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎದುರು ಬದುರು ಎರಡು ಗೋಡೆ ನಿಲ್ಲಿಸಿ ಒಂದು ಇಕ್ಕಟ್ಟಾದ ಓಣಿ ಮಾಡಿದರು. ಗೋಡೆಗಳ ಒಳಮೈಗೆ ಕಪ್ಪು ಬಿಳಿಯ ನಿಲುವು ಪಟ್ಟೆ. ಓಣಿಯ ತುದಿಯಲ್ಲಿ ಸಕ್ಕರೆ ನೀರು. ಮೇಲಿನಿಂದ ಕ್ಯಾಮೆರಾ. ಸಕ್ಕರೆ ನೀರಿಗೆ ರೂಢಿಯಾದ ಜೇನುಗಳು ಓಣಿಯ ನಟ್ಟನಡುವೆ ಹಾರುತ್ತಿದ್ದವು. ಈಗ ಒಂದು ಕಡೆಯ ಪಟ್ಟೆಗಳನ್ನು ಜೇನು ಹೋಗುವ ದಿಕ್ಕಿಗೇ ಸರಿಸಿದರು. ಜೇನಿನ ಕಣ್ಣಿಗೆ ಆ ಗೋಡೆ ನಿಧಾನಕ್ಕೆ ಓಡಿದಂತಾಯಿತು, ಅಂದರೆ ದೂರ ಇದ್ದಂತಾಯಿತು. ಜೇನು ಆ ಗೋಡೆಯತ್ತಲೇ ವಾಲಿ ಹಾರಿತು. ಪಟ್ಟೆಗಳನ್ನು ಎದುರು ದಿಕ್ಕಿಗೆ ಓಡಿಸಿದಾಗ ಆ ಗೋಡೆಯಿಂದ ದೂರ ಸರಿಯಿತು. ಎಡಗಣ್ಣಿಗೆ ಕಾಣುವ ಓಟ ಮತ್ತು ಬಲಗಣ್ಣಿಗೆ ಕಾಣುವ ಓಟ ಸಮ ಇರುವಂತೆ ನೋಡಿಕೊಂಡರೆ ನಡುವೆ ಹಾರಿದಂತೆಯೇ. ಮೀಟರು ಸೆಂಟಿಮೀಟರಿನ ಲೆಕ್ಕ ಬೇಕೇ ಇಲ್ಲ.

ಒಂದು ಗೋಡೆಗೆ ಅಗಲ ಪಟ್ಟೆ, ಇನ್ನೊಂದಕ್ಕೆ ಸಣ್ಣ ಪಟ್ಟೆ ಹಚ್ಚಿಯೂ ನೋಡಿದರು. ಜೇನು ಆಗಲೂ ನಡುವೆಯೇ ಹಾರಿತು. ಪಟ್ಟೆಗಳನ್ನು ಎಣಿಸುತ್ತಿದ್ದರೆ ಸಣ್ಣ ಪಟ್ಟೆಯ ಕಡೆಯಿಂದ ಅದು ದೂರ ಸರಿಯಬೇಕಿತ್ತು. ಅಂದಮೇಲೆ ಅದು ಅಳೆಯುವುದು ಚಿತ್ರ ಸರಿಯುವ ವೇಗವನ್ನೇ. 1991ರಲ್ಲಿ ಮಿರಿಯಂ ಲೆರರ್, ವೊಲ್ಫ್‌ಗಾಂಗ್ ಕಿರ್ಶ್ನರ್, ಶಾವ್‌ವು ಝಾಂಗ್ ಜೊತೆ ಈ ಕೆಲಸ ಪ್ರಕಟವಾಯಿತು. ಒಂದು ಅನುಮಾನ ಬಂದರೆ ಅದಕ್ಕೆಂದೇ ಒಂದು ಗೋಡೆ ಕಟ್ಟುವುದು, ಆ ಗೋಡೆಯ ಉತ್ತರ ಬಂದ ಮೇಲಷ್ಟೇ ಮುಂದೆ ಹೆಜ್ಜೆ ಇಡುವುದು: ಶ್ರೀನಿವಾಸನ್ ಅವರ ಪ್ರಯೋಗಗಳ ಸೊಗಸು ಇಲ್ಲಿದೆ. ಕೋಟಿಗಟ್ಟಲೆ ಬೆಲೆಯ ಉಪಕರಣದಿಂದ ಬಂದ ಸೊಗಸಲ್ಲ ಇದು.

ಓಣಿಯನ್ನು ನಡುವೆ ಕಿರಿದು ಮಾಡಿದಾಗ ಜೇನು ಅಲ್ಲಿ ವೇಗ ತಗ್ಗಿಸಿತು, ಅಗಲವಾದ ಕಡೆ ಮತ್ತೆ ಏರಿಸಿತು. ಚಿತ್ರ ಸರಿಯುವ ವೇಗವನ್ನು ಸೆಕೆಂಡಿಗೆ ಸುಮಾರು 300 ಡಿಗ್ರಿಯಲ್ಲಿ ಹಿಡಿದಿಡುತ್ತಿತ್ತು. ಇಕ್ಕಟ್ಟಿನಲ್ಲಿ ತಾನೇ ಹುಷಾರು, ಬಯಲಿನಲ್ಲಿ ತಾನೇ ಓಟ.

ಇದೇ ಸೂತ್ರ ಇಳಿಯುವಾಗ ತೋರುವ ಚಮತ್ಕಾರ ಇನ್ನೂ ದೊಡ್ಡದು. ಜೇನು ಒಂದು ಮೀಟರ್ ಎತ್ತರದಲ್ಲಿ ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹಾರುತ್ತಿದೆ ಎಂದು ಇಟ್ಟುಕೊಳ್ಳೋಣ. ಅದೇ ವೇಗದಲ್ಲಿ ಅರ್ಧ ಮೀಟರಿಗೆ ಇಳಿದರೆ ಕೆಳಗಿನ ನೆಲ ಇಮ್ಮಡಿ ಜೋರಿನಲ್ಲಿ ಓಡಿದಂತೆ ಕಾಣುತ್ತದೆ. ಮೊದಲಿನಂತೆಯೇ ಕಾಣಬೇಕಾದರೆ ವೇಗವನ್ನು ಅರ್ಧ ಮಾಡಬೇಕು. ಹತ್ತು ಸೆಂಟಿಮೀಟರ್ ಎತ್ತರದಲ್ಲಿ ಸೆಕೆಂಡಿಗೆ ಹತ್ತು ಸೆಂಟಿಮೀಟರ್. ಒಂದರಲ್ಲಿ ಒಂದು. ನೆಲ ಮುಟ್ಟುವಾಗ ವೇಗ ಸೊನ್ನೆಯ ಹತ್ತಿರ. ನೆಲದ ಓಟ ಬದಲಾಗದಂತೆ ನೋಡಿಕೊಂಡು ಕೆಳಗಿಳಿಯುತ್ತ ಹೋದರೆ ಆಯಿತು, ಮೆತ್ತಗಿನ ಇಳಿತ ಕಟ್ಟಿಟ್ಟ ಬುತ್ತಿ. ತಾನೆಷ್ಟು ಎತ್ತರದಲ್ಲಿದ್ದೇನೆ, ತನ್ನ ವೇಗ ಎಷ್ಟು ಎಂಬ ಎರಡೂ ಜೇನಿಗೆ ಗೊತ್ತಿರಬೇಕಿಲ್ಲ. ವಿಮಾನದ ಪೈಲಟ್‌ಗೆ ಆಲ್ಟಿಮೀಟರ್, ಏರ್‌ಸ್ಪೀಡ್ ಇಂಡಿಕೇಟರ್ ಎರಡೂ ಬೇಕು. 2000ದಲ್ಲಿ ಪ್ರಕಟವಾದ ಈ ಲೆಕ್ಕವನ್ನು ನಿಯಂತ್ರಣ ಶಾಸ್ತ್ರದ ಯಾವ ಪಠ್ಯಪುಸ್ತಕದಲ್ಲಾದರೂ ಮೊದಲ ಅಧ್ಯಾಯಕ್ಕೆ ಹಾಕಬಹುದು. ಸಮೀಕರಣ ಅಷ್ಟು ಸರಳ, ಫಲ ಅಷ್ಟು ದೊಡ್ಡದು.

ಇನ್ನು ಕುಣಿತದ ಕತೆ. ಮೇವು ಕಂಡು ಬಂದ ಜೇನು ಗೂಡಿನೊಳಗೆ ಎರಿಯ ಮೇಲೆ ಕುಣಿದು ಉಳಿದವಕ್ಕೆ ದಾರಿ ಹೇಳುತ್ತದೆ ಎಂದು ಕಂಡುಹಿಡಿದವರು ಕಾರ್ಲ್ ಫಾನ್ ಫ್ರಿಶ್. 1973ರ ನೊಬೆಲ್ ಅವರಿಗೆ ಬಂತು. ಹಿಂಭಾಗ ಅಲ್ಲಾಡಿಸುತ್ತ ನೇರ ನಡೆಯುವ ದಿಕ್ಕು ಸೂರ್ಯನಿಂದ ಎಷ್ಟು ಕೋನ ಎಂಬುದನ್ನು ಹೇಳುತ್ತದೆ, ಅಲ್ಲಾಡಿಸುವ ಹೊತ್ತು ಎಷ್ಟು ದೂರ ಎಂಬುದನ್ನು. ಆ ದೂರವನ್ನು ಜೇನು ಅಳೆಯುವುದು ಹೇಗೆ? ಹಾರಲು ಖರ್ಚಾದ ಶಕ್ತಿಯಿಂದ ಎಂದು ಫ್ರಿಶ್ ಕಾಲದಿಂದ ನಂಬಿಕೆಯಿತ್ತು. ಆ ನಂಬಿಕೆಗೆ ಬೇರೆ ಸಂಶೋಧಕರೂ ಪ್ರಶ್ನೆ ಹಾಕತೊಡಗಿದ್ದರು.

ಶ್ರೀನಿವಾಸನ್, ಝಾಂಗ್, ಮೋನಿಕಾ ಆಲ್ಟ್‌ವೈನ್ ಮತ್ತು ಜರ್ಮನಿಯ ಯುರ್ಗೆನ್ ಟೌಟ್ಸ್ ಗೂಡಿನಿಂದ 35 ಮೀಟರ್ ದೂರದಲ್ಲಿ ಒಂದು ಕಿರಿದಾದ ಸುರಂಗ ಇಟ್ಟರು. ಉದ್ದ 6.4 ಮೀಟರ್, ಅಗಲ 11 ಸೆಂಟಿಮೀಟರ್. ಒಳಗೆ ಚುಕ್ಕೆ ಚುಕ್ಕೆಯ ಚಿತ್ತಾರ. ಸುರಂಗದ ಬಾಯಲ್ಲಿ ಸಕ್ಕರೆ ನೀರು ಇಟ್ಟಾಗ ಮರಳಿದ ಜೇನು ಹತ್ತಿರದ ಮೇವಿಗೆ ಕುಣಿಯುವ ದುಂಡು ಕುಣಿತ ಕುಣಿಯಿತು. ಅದೇ ಸಕ್ಕರೆ ನೀರನ್ನು ಸುರಂಗದ ಒಳತುದಿಗೆ ಸರಿಸಿದಾಗ, ಹೆಚ್ಚಿಗೆ ಹಾರಿದ್ದು ಆರು ಮೀಟರ್ ಅಷ್ಟೇ, ಜೇನು ಗೂಡಿಗೆ ಬಂದು ಸುಮಾರು 200 ಮೀಟರ್ ದೂರ ಎಂದು ಕುಣಿಯಿತು. ಗೋಡೆಗಳು ಕಣ್ಣಿನ ಪಕ್ಕದಲ್ಲೇ ಇದ್ದುದರಿಂದ ಅದಕ್ಕೆ ಕಂಡ ಚಿತ್ರದ ಓಟ ಬಯಲಿನಲ್ಲಿ ಬಹುದೂರ ಹಾರಿದಷ್ಟಿತ್ತು. ಸುರಂಗದ ಒಳಗೆ ಉದ್ದಕ್ಕೂ ಗೆರೆ ಎಳೆದಾಗ, ಅಂಥ ಗೆರೆ ಎಷ್ಟು ಹಾರಿದರೂ ಸರಿದಂತೆ ಕಾಣುವುದಿಲ್ಲ, ಜೇನು ಮತ್ತೆ ದುಂಡು ಕುಣಿತಕ್ಕೆ ಬಂತು. ಶಕ್ತಿ ಎರಡರಲ್ಲೂ ಖರ್ಚಾದದ್ದು ಅಷ್ಟೇ. 2000ದ ‘ಸೈನ್ಸ್’ ಪತ್ರಿಕೆಯಲ್ಲಿ ಇದು ಬಂತು. ಮರುವರ್ಷ ಹಾರಾಲ್ಡ್ ಎಶ್ ಜೊತೆ ಸೇರಿ, ಹೀಗೆ ಮೋಸಹೋದ ಜೇನಿನ ಕುಣಿತ ನೋಡಿದ ಉಳಿದ ಜೇನುಗಳು ಸುರಂಗವನ್ನು ದಾಟಿ ಬಲುದೂರ ಹೋಗಿ ಮೇವು ಹುಡುಕಿದ್ದನ್ನು ‘ನೇಚರ್’ನಲ್ಲಿ ತೋರಿಸಿದರು. ಹೇಳಿದ ಜೇನಿನ ತಪ್ಪನ್ನು ಕೇಳಿದ ಜೇನುಗಳು ನಂಬಿ ಹೊರಟಿದ್ದವು.

ಅದೇ 2001ರಲ್ಲಿ ಇನ್ನೊಂದು ಪ್ರಬಂಧ: ಒಂದೇ, ಬೇರೆ ಎಂಬ ಭೇದ ಜೇನಿಗೆ ತಿಳಿಯುತ್ತದೆ ಎಂದು ಮಾರ್ಟಿನ್ ಜುರ್ಫಾ, ರಾಂಡೊಲ್ಫ್ ಮೆನ್ಜೆಲ್ ಮುಂತಾದವರ ಜೊತೆ ತೋರಿಸಿದ್ದು. ಪ್ರಯೋಗಕ್ಕೆ ಕಟ್ಟಿದ ಕವಲುದಾರಿಯ ಬಾಗಿಲಲ್ಲಿ ಕಂಡ ಬಣ್ಣವನ್ನೇ ಒಳಗೆ ಆರಿಸಲು ಕಲಿತ ಜೇನು, ಹಿಂದೆಂದೂ ನೋಡದ ಪಟ್ಟೆಗಳಲ್ಲೂ ಅದನ್ನೇ ಮಾಡಿತು. ವಾಸನೆಯಲ್ಲಿ ಕಲಿತದ್ದನ್ನು ಬಣ್ಣಕ್ಕೂ ಹಚ್ಚಿತು. ಅದೇ ವರ್ಷ ಲಂಡನ್ನಿನ ರಾಯಲ್ ಸೊಸೈಟಿ ಶ್ರೀನಿವಾಸನ್ ಅವರನ್ನು ಫೆಲೋ ಆಗಿ ಆರಿಸಿತು. 2006ರಲ್ಲಿ ಆಸ್ಟ್ರೇಲಿಯಾದ ಪ್ರಧಾನಮಂತ್ರಿ ವಿಜ್ಞಾನ ಪ್ರಶಸ್ತಿ. 2007ರಲ್ಲಿ ಬ್ರಿಸ್ಬೇನ್‌ನ ಕ್ವೀನ್ಸ್‌ಲ್ಯಾಂಡ್ ಬ್ರೇನ್ ಇನ್‌ಸ್ಟಿಟ್ಯೂಟ್ ಸೇರಿದರು.

ಜೇನಿನಿಂದ ಕಲಿತದ್ದು ಯಂತ್ರಕ್ಕೂ ಇಳಿಯಿತು. ಎರಡು ಬದಿಯ ಓಟ ಸಮ ಮಾಡಿಕೊಂಡು ಓಣಿಯಲ್ಲಿ ಸಾಗುವ ಗಾಲಿಬಂಡಿ ರೋಬಾಟ್‌ಗಳು ಬಂದವು, ನೆಲದ ಓಟ ನೋಡಿ ಎತ್ತರ ಕಾಯ್ದುಕೊಳ್ಳುವ ಪುಟ್ಟ ವಿಮಾನಗಳು ಬಂದವು. ಜಿಪಿಎಸ್ ಇಲ್ಲದ ಮಂಗಳನ ಮೇಲೆ ಹಾರುವ ಯಂತ್ರಕ್ಕೆ ಈ ಉಪಾಯ ಹೊಂದೀತೇ ಎಂದು ನಾಸಾದ ಜೆಪಿಎಲ್ ಪ್ರಯೋಗಾಲಯದ ಸರಿತಾ ಥಾಕೂರ್ ಜೊತೆ ಶ್ರೀನಿವಾಸನ್ ಮತ್ತು ಜವಾನ್ ಚಾಲ್ ಕೆಲಸ ಮಾಡಿದರು. 2023ರ ಆಗಸ್ಟ್ 23ರಂದು ಚಂದ್ರನ ಮೇಲೆ ಇಳಿದ ನಮ್ಮ ವಿಕ್ರಮ್ ನೌಕೆಯಲ್ಲೂ ಅಡ್ಡ ವೇಗ ತಿಳಿಯಲೆಂದೇ ಕೆಳಗೆ ನೋಡುವ ಒಂದು ಕ್ಯಾಮೆರಾ ಇತ್ತು. ಇಸ್ರೋದವರು ಜೇನಿನಿಂದ ಕಲಿತರು ಎಂದು ಇಲ್ಲಿ ಹೇಳುತ್ತಿಲ್ಲ. ಇಳಿಯುವ ಯಾವುದಕ್ಕೂ ನೆಲದ ಓಟ ಎಂಥ ಆಧಾರ ಎಂಬುದಕ್ಕೆ ಇದೊಂದು ಉದಾಹರಣೆ.

ಬ್ರಿಸ್ಬೇನ್‌ನಲ್ಲಿ ಅವರು ಹಕ್ಕಿಗಳಿಗೂ ಅದೇ ಪ್ರಶ್ನೆ ಹಾಕಿದರು. ಪಂಜರದಲ್ಲಿ ಸಾಕುವ ಪುಟ್ಟ ಬಜರಿಗರ್ ಗಿಳಿಗಳು ಓಣಿಯಲ್ಲಿ ಹಾರುವಾಗ ಜೇನಿನಂತೆಯೇ ಎರಡು ಕಡೆಯ ಓಟವನ್ನು ಹೋಲಿಸುತ್ತವೆ ಎಂದು 2011ರಲ್ಲಿ ತೋರಿಸಿದರು. 2016ರಲ್ಲಿ ಎರಡು ಗಿಳಿಗಳನ್ನು ಎದುರು ಬದುರು ಹಾರಿಸಿ ನೋಡಿದಾಗ ಒಂದೂ ಡಿಕ್ಕಿಯಾಗಲಿಲ್ಲ. ಎರಡೂ ಹೆಚ್ಚಾಗಿ ತಂತಮ್ಮ ಬಲಕ್ಕೇ ಸರಿಯುತ್ತಿದ್ದವು. ಎದುರಿನಿಂದ ವಿಮಾನ ಬಂದರೆ ಬಲಕ್ಕೆ ತಿರುಗಬೇಕು ಎಂಬ ನಿಯಮ ಪೈಲಟ್‌ಗಳಿಗೂ ಇದೆ.

ಈ ಕೆಲಸದ ಒಂದು ಎಳೆ ಬೆಂಗಳೂರಿಗೂ ಬಂತು. ಶ್ರೀನಿವಾಸನ್ ನೋಡಿದ್ದು ಪೆಟ್ಟಿಗೆಯಲ್ಲಿ ಸಾಕುವ ಯುರೋಪಿನ ಜೇನನ್ನು. ಅಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಆಕ್ಸೆಲ್ ಬ್ರೋಕ್‌ಮನ್ ಬಳಗ ನಮ್ಮ ತುಡುವೆ, ಕೋಲುಜೇನು, ಹೆಜ್ಜೇನುಗಳ ಕುಣಿತ ಅಳೆಯಿತು. ಒಂದೇ ದೂರವನ್ನು ಮೂರೂ ಬೇರೆ ಬೇರೆ ಬಗೆಯಲ್ಲಿ ಹೇಳುತ್ತವೆ ಎಂದು 2020ರಲ್ಲಿ ಬರೆದರು. ಗಿಡಮರ ದಟ್ಟವಾಗಿರುವ ಕಡೆ ಹಾರಿ ಬಂದ ಜೇನಿಗೂ ಬಯಲಿನಂಥ ಕಡೆ ಹಾರಿ ಬಂದ ಜೇನಿಗೂ ದೂರದ ಅಂದಾಜು ಬೇರೆಯಾಗುತ್ತದೆ ಎಂಬುದು ಏಷ್ಯಾದ ಜೇನುಗಳಲ್ಲೂ ಕಂಡಿತು. ಕ್ಯಾನ್‌ಬೆರಾದ ಸುರಂಗ ಹೇಳಿದ್ದೂ ಇದನ್ನೇ.

ಬೆಂಗಳೂರಿನ ತರಗತಿಯಲ್ಲಿ ಕೂತು ಓದಿದ ಎಂಜಿನಿಯರೊಬ್ಬರು ಜಗತ್ತಿಗೆ ಕೊಟ್ಟ ಈ ಕಾಣಿಕೆ ಕನ್ನಡ ಶಾಲೆಯ ಮಕ್ಕಳಿಗೆ ತಿಳಿಯದೆ ಉಳಿಯಬಾರದು. ಹಾವೇರಿ ಜಿಲ್ಲೆಯ ಮಕ್ಕಳಂತೂ ತರಕಾರಿ ಬೀಜದ ಪ್ಲಾಟುಗಳಲ್ಲಿ ಹೆಣ್ಣುಮಕ್ಕಳು ಹೂ ಹೂವಿಗೂ ಕೈಯಾರೆ ಪರಾಗ ಹಚ್ಚಿ ಕ್ರಾಸಿಂಗ್ ಮಾಡುವುದನ್ನು ನೋಡಿ ಬೆಳೆಯುವವರು. ಅದೇ ಕೆಲಸ ಮಾಡುವ ಹುಳಕ್ಕೆ ದಾರಿ ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ ಕಿವಿ ನೆಟ್ಟಗೆ ಮಾಡುತ್ತಾರೆ.

ರಟ್ಟೀಹಳ್ಳಿ, ಹಿರೇಕೆರೂರು, ಹಾನಗಲ್, ಶಿಗ್ಗಾವಿ, ಸವಣೂರಿನ ಪ್ರೌಢಶಾಲೆಗಳ ವಿಜ್ಞಾನದ ಗುರುಗಳು ಓಣಿಯ ಪ್ರಯೋಗವನ್ನು ತಮ್ಮ ಶಾಲೆಯಲ್ಲೇ ಮಾಡಿ ನೋಡಬಹುದು. ಒಂದು ತುಡುವೆ ಪೆಟ್ಟಿಗೆ ಬೇಕು. ಎರಡು ಉದ್ದನೆಯ ರಟ್ಟಿಗೆ ಕಪ್ಪು ಬಿಳಿಯ ನಿಲುವು ಪಟ್ಟೆ ಹಚ್ಚಿ ಗೇಣಗಲ ಬಿಟ್ಟು ನಿಲ್ಲಿಸಿ, ಮೇಲೆ ಸೊಳ್ಳೆಪರದೆಯ ಬಟ್ಟೆ ಬಿಗಿಯಬೇಕು. ಸಕ್ಕರೆ ನೀರನ್ನು ಮೊದಲು ಪೆಟ್ಟಿಗೆಯ ಹತ್ತಿರ ಇಟ್ಟು, ಜೇನು ರೂಢಿಯಾದಂತೆ ಮೆಲ್ಲಗೆ ಓಣಿಯ ಬಾಯಿಗೆ, ಆಮೇಲೆ ತುದಿಗೆ ಸರಿಸುತ್ತ ಹೋಗಬೇಕು. ಒಂದು ಬದಿಗೆ ರಟ್ಟಿನ ಬದಲು ಪಟ್ಟೆ ಬಟ್ಟೆಯನ್ನು ಎರಡು ಕೊಳವೆಗಳಿಗೆ ಸುತ್ತು ಹಾಕಿ ಕೈಯಿಂದ ತಿರುಗಿಸಿದರೆ ಓಡುವ ಗೋಡೆ ಸಿದ್ಧ. ಮೇಲಿನಿಂದ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಹಿಡಿದರೆ ಜೇನು ಯಾವ ಕಡೆ ವಾಲಿತು ಎಂದು ಮಕ್ಕಳೇ ಸ್ಕೇಲಿನಲ್ಲಿ ಅಳೆಯಬಹುದು. ಹೆಜ್ಜೇನಿನ ತಂಟೆಗೆ ಮಾತ್ರ ಯಾರೂ ಹೋಗಬಾರದು. ಅದು ಗುಂಪಾಗಿ ಬೆನ್ನಟ್ಟಿ ಕುಟುಕುತ್ತದೆ. ತುಡುವೆಯ ಪೆಟ್ಟಿಗೆ ತೆರೆಯುವಾಗಲೂ ಜೇನು ಸಾಕಿ ಗೊತ್ತಿರುವವರು ಜೊತೆಗಿರಲಿ. ಜೇನು ಸಾಕಣೆಗೆ ತೋಟಗಾರಿಕೆ ಇಲಾಖೆಯ ಸಹಾಯಧನದ ಯೋಜನೆಗಳಿವೆ, ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.